ಅಣಬೆ ತಿನ್ನದವಳ ಅಣಬೆ ಕೆಲಸ

ನಾನು ನಿವೃತ್ತಳಾದ ಮೇಲೆ ನನ್ನ ಮೇಜಿಗೆ ಬಂದ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. ಕಾಫಿ ಕುಡಿದು ಮುಗಿಸುವ ಮೊದಲೇ ಅವರಲ್ಲಿ ಒಬ್ಬಳು ಕೇಳಿದಳು: "ಪದ್ಮಾ ಚೇಚಿ, ಇಷ್ಟು ವರ್ಷ ಅಣಬೆ ನೋಡಿದ್ದೀರಲ್ಲ, ಯಾವುದರ ರುಚಿ ಎಲ್ಲಕ್ಕಿಂತ ಚೆನ್ನ?"

ನನಗೆ ಬಂದ ನಗುವಿಗೆ ಲೋಟದ ಕಾಫಿ ಸೀರೆಯ ಮೇಲೆ ಚೆಲ್ಲಿತು. ನಾನು ಜೈನರ ಮನೆಯವಳು. ನಮ್ಮ ಹಿರಿಯರು ಕನ್ನಡನಾಡಿನಿಂದ ವಯನಾಡಿಗೆ ಬಂದು ಕಾಫಿ, ಮೆಣಸು ಬೆಳೆಯತೊಡಗಿ ಎಷ್ಟೋ ತಲೆಮಾರಾಯಿತು. ನಮ್ಮ ಮಾತಿನೊಳಗೆ ಮಲಯಾಳ ಧಾರಾಳವಾಗಿ ಬಂದು ಕೂತಿದೆ, ಅಕ್ಕ ಚೇಚಿಯಾಗಿದ್ದಾಳೆ. ಅಡುಗೆಮನೆಯೊಳಗೆ ಮಾತ್ರ ಅಣಬೆ ಬಂದಿಲ್ಲ. ಈರುಳ್ಳಿಯೇ ಹೊಸ್ತಿಲು ದಾಟದ ಮನೆಯಲ್ಲಿ ಅಣಬೆಗೆ ಎಲ್ಲಿಯ ಜಾಗ? ಜೀವಮಾನವೆಲ್ಲ ಅಣಬೆ ಮೂಸಿದ್ದೇನೆ, ಮುಟ್ಟಿದ್ದೇನೆ, ಕೊಯ್ದಿದ್ದೇನೆ, ಕನಸಿನಲ್ಲೂ ಕಂಡಿದ್ದೇನೆ. ನಾಲಿಗೆಗೆ ಮಾತ್ರ ಇಟ್ಟಿಲ್ಲ.

ಹುಡುಗಿಯರು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಈಜಲು ಬಾರದವಳು ಈಜು ಕಲಿಸಲು ಹೊರಟಿದ್ದಾಳೆ ಎಂಬಂತಿತ್ತು. ಅವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದೆಲ್ಲ ಕಚೇರಿಯ ಕಡತದಲ್ಲಿದೆ, ಬೇಕಾದವರು ಅಲ್ಲೇ ಓದಿಕೊಳ್ಳಲಿ.

ನಾನು ಆ ಸಂಶೋಧನಾ ಕೇಂದ್ರಕ್ಕೆ ಸೇರಿದ್ದು ಜರೀಗಿಡಗಳನ್ನು ಒಣಗಿಸಿ ಕಾಗದಕ್ಕೆ ಅಂಟಿಸುವ ಕೆಲಸಕ್ಕೆ. ಒಂದು ದಿನ ಅಣಬೆ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿದರು. ಕುರಿಯಾಕೋಸ್ ಸಾರ್ ಎಂದು ಅವರ ಹೆಸರು. ನೀಳ ಕಾಲು, ಬೋಳು ತಲೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಅವರ ಮಾತೆಲ್ಲ ಮಲಯಾಳ. ಇಲ್ಲಿ ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಜಿಗಣೆಗೆ ಹೆದರುತ್ತೀಯಾ?"

"ಇಲ್ಲ ಸಾರ್."

"ಅಣಬೆ ತಿನ್ನುತ್ತೀಯಾ?"

ಇಲ್ಲ ಎಂದರೆ ಕೆಲಸ ಹೋಗುತ್ತದೇನೋ ಎಂದು ಅಂಜುತ್ತಲೇ "ಇಲ್ಲ ಸಾರ್, ನಾವು ಜೈನರು" ಎಂದೆ.

ಸಾರ್ ಕುರ್ಚಿಯಿಂದ ಎದ್ದೇ ಬಿಟ್ಟರು. "ಎಂಡೆ ದೈವಮೇ! ನಾಳೆಯಿಂದ ಇಲ್ಲಿಗೇ ಬಾ. ಹಿಂದೆ ಇದ್ದವನು ನಾನು ತಂದ ಮಾದರಿಯನ್ನೆಲ್ಲ ಹುರಿದು ತಿಂದುಬಿಡುತ್ತಿದ್ದ!"

ಹೀಗೆ ತಿನ್ನದಿರುವುದೇ ನನ್ನ ಅರ್ಹತೆಯಾಯಿತು. ಮನೆಯಲ್ಲಿ ಹೇಳಿದಾಗ ಅಮ್ಮ ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಅದ್ನ ಕೈಯಲ್ಲಿ ಮುಟ್ಟೋದಾ ಮಗಾ?"

"ಮುಟ್ಟದೆ ಹೇಗಮ್ಮ? ಕೈ ತೊಳ್ಕೊಂಡು ಬರ್ತೇನೆ."

"ಕೈ ಸಾಕಾಗಲ್ಲ. ಮಿಂದೇ ಒಳಗ್ ಬಾ."

ಅಂದಿನಿಂದ ಮಳೆಗಾಲದ ಚಳಿಯಲ್ಲೂ ಹಿತ್ತಲ ಬಚ್ಚಲಿನಲ್ಲಿ ಮಿಂದು ಮಡಿಯಾಗಿಯೇ ನಾನು ಮನೆಯೊಳಗೆ ಹೋಗಬೇಕಾಗಿತ್ತು. ಅಮ್ಮ ಬಿಸಿನೀರು ಕಾಯಿಸಿ ಇಟ್ಟಿರುತ್ತಿದ್ದಳು. ಬೈಗುಳವೂ ನೀರಿನಷ್ಟೇ ಬಿಸಿಯಾಗಿ ಕಾದಿರುತ್ತಿತ್ತು.

ಸಾರ್ ನನಗೆ ಮೊದಲು ಕಲಿಸಿದ್ದು ಕಾಯುವುದನ್ನು. ಅಣಬೆಯ ಕೊಡೆಯನ್ನು ಕತ್ತರಿಸಿ, ಅಡಿಯ ಮಡಿಕೆಗಳು ಕೆಳಮುಖವಾಗುವಂತೆ ಕಾಗದದ ಮೇಲಿಟ್ಟು, ಮೇಲೊಂದು ಗಾಜಿನ ಲೋಟ ಕವುಚಬೇಕು. ಗಾಳಿ ಆಡಬಾರದು. ಮರುದಿನ ಲೋಟ ಎತ್ತಿ ಕೊಡೆ ಸರಿಸಿದರೆ ಕಾಗದದ ಮೇಲೆ ಸೂರ್ಯನ ಕಿರಣಗಳಂತೆ ಒಂದು ಚಿತ್ರ! ಅದು ಅಣಬೆ ಉದುರಿಸಿದ ಬೀಜದ ಪುಡಿ. ಬಿಳಿ ಕೊಡೆಯಿಂದ ಗುಲಾಬಿ ಪುಡಿ ಬೀಳುತ್ತದೆ, ಹಳದಿ ಕೊಡೆಯಿಂದ ತುಕ್ಕಿನ ಬಣ್ಣದ್ದು. ಕೊಡೆ ಎಂಥ ವೇಷ ಹಾಕಿದರೂ ಪುಡಿ ಅದರ ಜಾತಿಯನ್ನು ಹೇಳಿಬಿಡುತ್ತದೆ. ಮೊದಲ ವಾರ ನಾನು ಬೆಳಿಗ್ಗೆ ಬಸ್ಸಿಳಿದು ಓಡಿಯೇ ಕಚೇರಿಗೆ ಹೋಗುತ್ತಿದ್ದೆ, ಲೋಟ ಎತ್ತುವ ಆತುರಕ್ಕೆ. ಕೊನೆಯ ವಾರವೂ ಹಾಗೆಯೇ ಓಡಿದೆ. ಮಂಡಿನೋವಿನಿಂದ ವೇಗ ಕಡಿಮೆಯಾಗಿತ್ತು, ಅಷ್ಟೆ.

ನಮ್ಮ ಜೀಪಿನ ಚಾಲಕ ಮಾದೇವ. ಅವನ ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬತ್ತೇರಿಗೆ ಬಂದು ತರಕಾರಿ ವ್ಯಾಪಾರಕ್ಕೆ ನಿಂತವರು. ಇಡೀ ಕಚೇರಿಯಲ್ಲಿ ನನ್ನೊಂದಿಗೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ. ನೂಲ್ಪುಳದ ಕಾಡಂಚಿಗೆ ನಾವು ಮೂವರೂ ಹೋಗುತ್ತಿದ್ದೆವು. ಸಾರ್ ಮತ್ತು ನಾನು ನೆಲಕ್ಕೆ ಬಿದ್ದು ಎಲೆ ಸರಿಸುತ್ತಿದ್ದರೆ ಮಾದೇವ ಆನೆ ಬರುತ್ತದೇನೋ ಎಂದು ಕಾವಲು ನಿಲ್ಲುತ್ತಿದ್ದ.

"ಅಕ್ಕೋ, ಸಾರು ನೆಲ್ದ ಮ್ಯಾಲೆ ಮಲೀಕಂಡವ್ರೆ, ಇತ್ಲಾಗೆ ನೀವೂ ಮಲೀಕಂಡಿದ್ದೀರಿ. ಆನೆ ಬಂದ್ರೆ ನಾನ್ ಯಾರ್ನ ಎತ್ಕಂಡ್ ಓಡ್ಲಿ?"

"ಮೊದಲು ಡಬ್ಬಿ ಎತ್ಕೋ ಮಾದೇವ. ಅಣಬೆ ಅದರಲ್ಲಿದೆ" ಎನ್ನುತ್ತಿದ್ದೆ.

ಒಂದು ದಿನ, ಅಲ್ಲಿನ ಗದ್ದೆಯಂಚಿನ ಹುಲ್ಲಿನಲ್ಲಿ ನನಗೊಂದು ಪುಟ್ಟ ಕೆಂಪು ಅಣಬೆ ಕಂಡಿತು. ಸಾಸಿವೆಗಿಂತ ಸ್ವಲ್ಪ ದಪ್ಪ, ಒದ್ದೆ ಹುಲ್ಲಿನ ನಡುವೆ ನೆಟ್ಟಗೆ ನಿಂತಿದೆ. ಮುಟ್ಟಿದರೆ ಮುರಿದೀತೆಂದು ದೂರದಿಂದಲೇ ನೋಡುತ್ತಾ ವಿವರಗಳನ್ನು ಕೂಗಿ ಹೇಳಿದೆ. ಬರೆದುಕೊಳ್ಳುತ್ತಿದ್ದವರು ಸಾರ್.

"ಕೊಡೆ ಕಡುಗೆಂಪು, ಒಣಗಿದ್ದು, ಗುಂಡಗಿದೆ. ಕಾಂಡ ಬಿಳಿಚಿದೆ, ಚೌಕವಾಗಿದೆ."

ಸಾರ್ ಕೈಯ ಪೆನ್ಸಿಲ್ ನಿಂತಿತು. "ಏನಂದೆ? ಚೌಕವಾ?"

"ಹೌದು ಸಾರ್, ಮೂಲೆ ಮೂಲೆಯಾಗಿದೆ."

ಸಾರ್ ತೆವಳುತ್ತಾ ಬಂದರು. ಭೂತಗನ್ನಡಿ ಹಿಡಿದು ನೋಡಿದರು. ಚೌಕ ಕಾಂಡದ ಅಣಬೆ ಎಂದರೆ ಯಾರೂ ಕಂಡಿರದ್ದು! ಅವರು ನನ್ನ ಭುಜ ಹಿಡಿದು ಅಲುಗಿಸಿದರು, ನಾನು ಅವರ ತೋಳು ಹಿಡಿದು ಅಲುಗಿಸಿದೆ. ಆ ಹೊತ್ತಿಗೆ ಬಗ್ಗಿ ಇಣುಕಿದ ಮಾದೇವ ಜೇಬು ತಡಕಿಕೊಂಡ.

"ಅಯ್ಯೋ, ಅದು ನಂದು ಸಾರ್. ಆಗ್ಲೇ ಬೀಡಿ ಹಚ್ಚೋವಾಗ ಕೈಜಾರಿ ಬಿದ್ದೋಯ್ತು."

ಬೆಂಕಿಕಡ್ಡಿ!

ಸಾರ್ ನಕ್ಕರು ನೋಡಿ, ಹುಲ್ಲಿನಲ್ಲಿ ಹೊರಳಾಡಿ ನಕ್ಕರು. ನಾಚಿಕೆಯಿಂದ ಮುಖ ಮುಚ್ಚಿಕೊಂಡಿದ್ದ ನನಗೂ ಆ ನಗು ಅಂಟಿಕೊಂಡಿತು. ಕಚೇರಿಗೆ ಮರಳಿದ ಮೇಲೆ ಆ ಕಡ್ಡಿಯನ್ನು ಮಾದರಿ ಡಬ್ಬಿಯಲ್ಲಿಟ್ಟು, ಚೀಟಿ ಅಂಟಿಸಿ, ಕಪಾಟಿನಲ್ಲಿ ನನ್ನ ಕಣ್ಣಿಗೆ ಬೀಳುವ ಕಡೆಯೇ ಇಟ್ಟರು. ಬೈಯಲಿಲ್ಲ. "ಪದ್ಮಾ, ಬುಡ ಕಿತ್ತು ನೋಡದೆ ಯಾವುದಕ್ಕೂ ಹೆಸರು ಹೇಳಬೇಡ" ಎಂದರು, ಅಷ್ಟೆ. ಹುಡುಗಿಯರೇ, ಈ ಮಾತು ನಗುವಿನೊಂದಿಗೆ ಬಂದದ್ದರಿಂದ ಹಗುರ ಎಂದುಕೊಳ್ಳಬೇಡಿ. ಕೇಣಿಚಿರದಲ್ಲಿ ಒಂದು ಇಡೀ ಕುಟುಂಬ ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನನ್ನು ನಡೆಸಿದ್ದು ಇದೇ ಮಾತು.

ಕೇಣಿಚಿರದ ಜಂಕ್ಷನ್ನಿನಲ್ಲಿ ರಾಜಪ್ಪನವರದು ದಿನಸಿ ಅಂಗಡಿ. ಅವರೂ ಗಡಿಯಾಚೆಯಿಂದ ಬಂದ ಕನ್ನಡದವರು. ಅಂದು ಹಬ್ಬ, ನೆಂಟರು ತುಂಬಿದ್ದರು. ಮನೆಯ ಹಿಂದಿನ ಹುಲ್ಲಿನಲ್ಲಿ ಬೆಳಿಗ್ಗೆ ಬಿಳಿ ಅಣಬೆಗಳು ಕೊಡೆ ಬಿಚ್ಚಿ ನಿಂತದ್ದು ಕಂಡು ರಾಜಪ್ಪನವರ ಹೆಂಡತಿ ಗೌರಮ್ಮ ಬುಟ್ಟಿ ತುಂಬ ಕೊಯ್ದು ಪಲ್ಯ ಮಾಡಿದಳು. ಊಟ ಮಾಡಿ ಎದ್ದವರು ಮಧ್ಯಾಹ್ನ ಕಳೆಯುವ ಮೊದಲೇ ವಾಂತಿ ಮಾಡತೊಡಗಿದರು. ಬಡಿಸುತ್ತಿದ್ದ ಗೌರಮ್ಮ ಮಾತ್ರ ಇನ್ನೂ ಉಂಡಿರಲಿಲ್ಲ.

ಆಸ್ಪತ್ರೆಯಿಂದ ಕಚೇರಿಗೆ ಕರೆ ಬಂದಾಗ ಸಾರ್ ಊರಲ್ಲಿರಲಿಲ್ಲ. ಮಾದೇವ ಜೀಪನ್ನು ಹೇಗೆ ಓಡಿಸಿದನೋ, ನನಗೆ ದಾರಿಯೇ ಕಾಣಲಿಲ್ಲ. ಆಸ್ಪತ್ರೆಯ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಇದು ಹೊಟ್ಟೆ ಕೆಡಿಸಿ ಬಿಡುವ ಅಣಬೆಯೋ, ಯಕೃತ್ತು ತಿನ್ನುವ ಅಣಬೆಯೋ?"

ಯಕೃತ್ತು ತಿನ್ನುವುದು ತಡವಾಗಿ ಕೆಲಸ ಶುರು ಮಾಡುತ್ತದೆ. ಇವರಿಗೆ ಬೇಗ ವಾಂತಿಯಾಗಿದೆ, ಹಾಗಾದರೆ ಬಚಾವ್ ಎನ್ನಬಹುದಿತ್ತು. ಎನ್ನಬಾರದು. ಒಂದೇ ಬುಟ್ಟಿಯಲ್ಲಿ ಎರಡೂ ಸೇರಿದ್ದರೆ? ಯಕೃತ್ತು ತಿನ್ನುವ ಜಾತಿಗೆ ಬುಡದಲ್ಲಿ ಒಡೆದ ಮೊಟ್ಟೆಯ ಸಿಪ್ಪೆಯಂಥ ಒಂದು ಚೀಲವಿರುತ್ತದೆ. ಅದಿದೆಯೋ ಇಲ್ಲವೋ ನೋಡಬೇಕು.

ಗೌರಮ್ಮನನ್ನು ಜೀಪು ಹತ್ತಿಸಿಕೊಂಡು ಅವರ ಮನೆಗೆ ಹೋದೆವು. ದಾರಿಯುದ್ದಕ್ಕೂ ಅವಳದು ಒಂದೇ ಅಳಲು. "ಹುತ್ತದ ಅಣಬೆ ಅನ್ಕಂಡೆ ಅಕ್ಕಾ. ನನ್ ಕೈಯಾರೆ ಬಡಿಸ್ಬುಟ್ಟೆ."

"ಬುಡ ಎಲ್ಲಿ ಗೌರಮ್ಮ? ಕೊಯ್ದದ್ದರ ಬುಡ?"

"ಮಣ್ಣಾಯ್ತದೆ ಅಂತ ಕುಡುಗೋಲಲ್ಲಿ ಮೇಲ್ಮೇಲೆ ಕುಯ್ಕಂಡೆ. ಬುಡ ನೆಲದಲ್ಲೇ ಅದೆ."

ನೆಲದಲ್ಲೇ ಇದೆ! ನಾನು ಅವಳನ್ನು ಅಪ್ಪಿಕೊಂಡೆ. ಹಿತ್ತಲಲ್ಲಿ ಮೂವರೂ ಕೂತು ಅಗೆದೆವು. ಅವಳ ಕೈಯಲ್ಲಿ ಕುಡುಗೋಲು, ಮಾದೇವನ ಕೈಯಲ್ಲಿ ಸ್ಪ್ಯಾನರ್, ನನ್ನ ಕೈಯಲ್ಲಿ ಅಡುಗೆಮನೆಯ ಸೌಟು. ಒಂದೊಂದು ಬುಡವನ್ನೂ ಎತ್ತಿ ಮಣ್ಣು ಉದುರಿಸಿ ನೋಡಿದೆ. ಗುಂಡಗೆ ಊದಿದ ಬುಡ, ಚೀಲವಿಲ್ಲ. ಇನ್ನೊಂದು, ಚೀಲವಿಲ್ಲ. ಹುಲ್ಲನ್ನೆಲ್ಲ ಜಾಲಾಡಿದೆವು, ಒಂದರಲ್ಲೂ ಚೀಲವಿಲ್ಲ. ಕಸದಲ್ಲಿ ಬಿಸಾಡಿದ್ದ ಕಾಂಡಗಳಲ್ಲಿ ಬಳೆಯಂಥ ಉಂಗುರವಿತ್ತು. ಬೆರಳಲ್ಲಿ ತಳ್ಳಿದರೆ ಮೇಲೆ ಕೆಳಗೆ ಸರಿಯುತ್ತಿತ್ತು. ಜನ ತಿನ್ನುವ ಹುತ್ತದ ಅಣಬೆಗೆ ಹಾಗಿರುವುದಿಲ್ಲ.

ಆಮೇಲೆ ಕಂಡಿತು ಬಾಳೆಲೆ. ಬಲಿತು ಜೋತುಬಿದ್ದಿದ್ದ ಒಂದು ಕೊಡೆಯನ್ನು ಗೌರಮ್ಮ ಬೇಡವೆಂದು ಒಣಗಿದ ಬಾಳೆಲೆಯ ಮೇಲೆ ಎಸೆದಿದ್ದಳು. ಅದನ್ನು ಎತ್ತಿದೆ. ಕಂದು ಎಲೆಯ ಮೇಲೆ ಪಾಚಿಯ ಬಣ್ಣದ ಪುಡಿ.

"ಹಸಿರು!" ಎಂದು ಕಿರುಚಿದೆ. "ಮಾದೇವಾ, ಹಸಿರು! ಗೌರಮ್ಮಾ, ಹಸಿರು!"

ಗೌರಮ್ಮ ಹೆದರಿ ಹಿಂದೆ ಸರಿದಳು. ನಾನು ಸೌಟು ಹಿಡಿದು ಕುಣಿಯುತ್ತಿದ್ದೆ. ಹಸಿರು ಪುಡಿ ಉದುರಿಸುವ ಹುಲ್ಲಿನ ಅಣಬೆ ಹೊಟ್ಟೆಯನ್ನು ಬುಡಮೇಲು ಮಾಡುತ್ತದೆ, ನೀರಿಳಿಸಿ ಹಿಂಡಿಹಾಕುತ್ತದೆ, ಆದರೆ ಸಕಾಲಕ್ಕೆ ಆಸ್ಪತ್ರೆ ಸೇರಿದವರು ಎದ್ದು ಬರುತ್ತಾರೆ. ಕೂಡಲೇ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಎಲ್ಲರೂ ಚೇತರಿಸಿಕೊಂಡರು. ಮರುದಿನ ನೋಡಲು ಹೋದಾಗ ರಾಜಪ್ಪ ಕೈಗೆ ಡ್ರಿಪ್ ಚುಚ್ಚಿಸಿಕೊಂಡು ಮಲಗಿದ್ದರು. ಹತ್ತಿರ ಕರೆದು, ಹೆಂಡತಿಗೆ ಕೇಳದಂತೆ ಪಿಸುಗುಟ್ಟಿದರು.

"ಅಕ್ಕಾ, ಒಂದ್ ಮಾತು ಹೇಳ್ಬೇಕು. ಪಲ್ಯ ಮಾತ್ರ ಬಾಳ ಚೆನ್ನಾಗಿತ್ತು."

ಹುಡುಗಿಯರೇ, ರುಚಿಯ ಬಗ್ಗೆ ನನ್ನ ಬಳಿ ಇರುವ ಸಾಕ್ಷ್ಯ ಇಷ್ಟೇ. ಅಣಬೆ ರುಚಿಯಾಗಿದೆ ಎಂದರೆ ಒಳ್ಳೆಯದು ಎಂದಲ್ಲ. ಬೆಳ್ಳುಳ್ಳಿ ಕಪ್ಪಾಗಲಿಲ್ಲ, ಬೆಳ್ಳಿ ಚಮಚ ಕಪ್ಪಾಗಲಿಲ್ಲ, ಹುಳ ತಿಂದಿದೆ, ಹಾಗಾಗಿ ವಿಷವಿಲ್ಲ ಎಂದೆಲ್ಲ ಹೇಳಿಕೊಂಡು ಬರುವವರ ಮಾತಿಗೆ ತಲೆಯಾಡಿಸಬೇಡಿ.

ಸುದ್ದಿ ಅಮ್ಮನ ಕಿವಿಗೂ ಬಿತ್ತು. ಆ ವಾರ ಬಸದಿಯ ಜಗಲಿಯಲ್ಲಿ ಅವಳು ನೆಂಟರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿಸಿಕೊಂಡೆ: "ನಮ್ ಪದ್ಮ ಇದಾಳಲ್ಲ, ಜನ ಆ ದರಿದ್ರ ತಿಂದು ಸಾಯದ ಹಾಗೆ ನೋಡ್ಕೊಳ್ಳೋದೇ ಅವಳ ಕೆಲಸ. ಸರ್ಕಾರ ಅದಕ್ಕೇಂತಲೇ ಇಟ್ಕೊಂಡಿದೆ." ಸ್ನಾನ ಮಾತ್ರ ತಪ್ಪಲಿಲ್ಲ.

ಆಮೇಲೆ ಕಾಲ ಬದಲಾಯಿತು. ಸಾರ್ ನಿವೃತ್ತರಾದರು. ಅಣಬೆಯ ಚೂರನ್ನು ನಳಿಕೆಯಲ್ಲಿ ಹಾಕಿ ದೂರದ ಪ್ರಯೋಗಾಲಯಕ್ಕೆ ಕಳಿಸಿದರೆ ಅದರ ವಂಶಾವಳಿಯೇ ಅಕ್ಷರಗಳ ಸಾಲಾಗಿ ಕಂಪ್ಯೂಟರಿಗೆ ಬರತೊಡಗಿತು. ಮೊದಲ ಸಲ ಅದನ್ನು ನೋಡಿದ ದಿನ, ನಾವು ವರ್ಷಗಟ್ಟಲೆ ಅಣ್ಣತಮ್ಮ ಎಂದುಕೊಂಡಿದ್ದ ಎರಡು ಅಣಬೆಗಳು ನೆಂಟರೇ ಅಲ್ಲ ಎಂದು ಗೊತ್ತಾಗಿ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ. ವಾಟ್ಸಾಪ್ ಬಂದ ಮೇಲಂತೂ ಇಡೀ ಜಿಲ್ಲೆಯ ಹಿತ್ತಲುಗಳು ನನ್ನ ಫೋನಿನೊಳಗೆ ಬಂದವು. ಮಂಜು ಮಂಜಾದ ಚಿತ್ರ, ಕೆಳಗೆ "ತಿನ್ನಬಹುದಾ ಚೇಚಿ?" ಒಬ್ಬ ಪುಣ್ಯಾತ್ಮ ಖಾಲಿ ತಟ್ಟೆಯ ಚಿತ್ರ ಕಳಿಸಿ ಅದನ್ನೇ ಕೇಳಿದ್ದ! ಫೋಟೋ ನೋಡಿ ಹೆಸರು ಹೇಳುವ ಆ್ಯಪ್‌ಗಳೂ ಬಂದವು. ಹಳೆಯ ಪ್ರೀತಿಯಿಂದ ಒಮ್ಮೆ ನಮ್ಮನ್ನು ನೋಡಲು ಬಂದಿದ್ದ ಸಾರ್ ಅವರ ಬೋಳು ತಲೆಗೆ ಮಾದೇವ ಹಿಂದಿನಿಂದ ಫೋನ್ ಹಿಡಿದ. ಎಳೆಯದಿದ್ದಾಗ ತಿನ್ನಬಹುದಾದ ಉಂಡೆ ಅಣಬೆ ಎಂದು ಉತ್ತರ ಬಂತು. ಅದನ್ನು ಸಾರ್ ತಮ್ಮ ಮನೆಯವರಿಗೆಲ್ಲ ಕಳಿಸಿದರು.

ಕೊನೆಯದಾಗಿ ಕಾಟ್ಟಿಕುಳಂ ಮೈದಾನದ ಕಥೆ. ನನ್ನ ನಿವೃತ್ತಿ ಹತ್ತಿರವಾಗಿತ್ತು. ಆ ಮಳೆಗಾಲ ಬಾವಲಿ ಕಡೆಯಿಂದ ಮರಳುವಾಗ ಜೀಪಿನ ಟಯರು ಪಂಕ್ಚರ್ ಆಯಿತು. ಮಾದೇವ ಅದನ್ನು ಬದಲಿಸುವಷ್ಟರಲ್ಲಿ ನಾನು ಪಕ್ಕದ ಫುಟ್‌ಬಾಲ್ ಮೈದಾನದ ಅಂಚಿನ ಹುಲ್ಲಿನಲ್ಲಿ ಅಡ್ಡಾಡಿ, ಒಂದು ಪುಟ್ಟ ಅಣಬೆ ಕಂಡೆ. ಕೂದಲೆಳೆಯಂಥ ಕಪ್ಪು ಕಾಂಡ, ನೇರಳೆ ಬಣ್ಣದ ಕೊಡೆ, ಕೊತ್ತಂಬರಿ ಕಾಳಿನಷ್ಟು ಗಾತ್ರ. ಅರ್ಧವನ್ನು ಬಸವನಹುಳು ಮೇಯ್ದಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೊಡೆಯ ಚರ್ಮದ ಕೋಶಗಳು ಪುಟ್ಟ ಪುಟ್ಟ ಪೊರಕೆಗಳಂತೆ ಕಂಡವು. ಪುಸ್ತಕದಲ್ಲಿದ್ದ ಯಾವುದಕ್ಕೂ ಹೊಂದಲಿಲ್ಲ. ಆದರೆ ಹುಳು ತಿಂದುಳಿದ ಅರ್ಧ ಅಣಬೆ ಹಿಡಿದು ಹೊಸದು ಎಂದರೆ ಯಾರು ಒಪ್ಪುತ್ತಾರೆ? ಇನ್ನಷ್ಟು ಬೇಕಿತ್ತು. ಮತ್ತೆ ಮತ್ತೆ ಹೋದರೂ ಸಿಗಲಿಲ್ಲ.

ಮಳೆಗಾಲ ಕಳೆದ ಮೇಲೆ ಮಾದೇವ ಓಡಿ ಬಂದು ಹೇಳಿದ: "ಅಕ್ಕೋ, ಕಾಟ್ಟಿಕುಳಂ ಮೈದಾನಕ್ಕೆ ಜೆಸಿಬಿ ಬಂದೈತೆ. ಹುಲ್ಲೆಲ್ಲಾ ಕೆತ್ತಿ ಮಟ್ಟ ಮಾಡ್ತಾರಂತೆ."

ಸಾರ್‌ಗೆ ಫೋನ್ ಮಾಡಿದೆ. ಊರುಗೋಲು ಹಿಡಿದು, ಕೊರಳಲ್ಲಿ ಭೂತಗನ್ನಡಿ ತೂಗಿಸಿಕೊಂಡು, ಬಸ್ಸಿನಲ್ಲೇ ಬಂದಿಳಿದರು. ಜೆಸಿಬಿ ಓಡಿಸುವವನು ಶಾಜಿ. ಮಧ್ಯಾಹ್ನದವರೆಗೆ ಬಿಡುತ್ತೇನೆ, ಆಮೇಲೆ ಮೈದಾನದ ಕಮಿಟಿಯವರು ಬೈಯುತ್ತಾರೆ ಎಂದ.

"ಈ ಜಾತಿ ಹುಲ್ಲಿನಲ್ಲಿ ವೃತ್ತವಾಗಿ ಬೆಳೆಯುತ್ತದೆ ಪದ್ಮಾ. ರಿಂಗ್ ಹುಡುಕು, ರಿಂಗ್" ಎಂದರು ಸಾರ್. ನಾವಿಬ್ಬರೂ ನೆಲಕ್ಕೆ ಬಿದ್ದೆವು. ಬಿಸಿಲು ಚುರುಗುಟ್ಟುತ್ತಿತ್ತು. ಬಸ್ಸಿಗೆ ಕಾದಿದ್ದ ಒಂದು ಅಜ್ಜಿ ಮಾದೇವನನ್ನು ಕೇಳಿತು, "ಎಂದಾ ಮೋನೇ, ಏನ್ ಕಳ್ಕೊಂಡ್ರು ಮಗಾ?"

"ರಿಂಗ್ ಉಡುಕ್ತಾವ್ರೆ ಅಜ್ಜಿ" ಎಂದ ಮಾದೇವ. ಪಾಪ, ನಿಜವನ್ನೇ ಹೇಳಿದ್ದ.

"ಅಯ್ಯೋ, ಬಂಗಾರದ್ದಾ!"

ಅಜ್ಜಿ ಚೀಲ ಕೆಳಗಿಟ್ಟು ಬಗ್ಗಿತು. ಅದನ್ನು ನೋಡಿ ಮೀನು ಮಾರುವವರು ಬಂದರು, ಆಟೊದವರು ಬಂದರು, ಬಸ್ಸಿಳಿದವರು ಮನೆಗೆ ಹೋಗದೆ ಬಂದರು. ಸಾರ್ ಬೆವರಿಳಿಸುತ್ತಾ ತೆವಳುವುದನ್ನು ಕಂಡು ಅದು ಅವರ ಮದುವೆಯುಂಗುರ ಎಂದು ಯಾರೋ ತೀರ್ಮಾನಿಸಿದರು. ತೀರಿಹೋದ ಹೆಂಡತಿ ತೊಡಿಸಿದ್ದು ಎಂದು ಇನ್ನೊಬ್ಬರು ಸೇರಿಸಿದರು. ಮನೆಯಲ್ಲಿ ಗುಂಡುಕಲ್ಲಿನಂತಿದ್ದ ಅವರ ಹೆಂಡತಿಗಾಗಿ ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು.

"ತುಳೀಬೇಡಿ! ಬಂಗಾರ ಅಲ್ಲ, ಅಣಬೆ! ಕೂಣ್, ಕೂಣ್!" ಎಂದು ನಾನು ಎರಡೂ ಭಾಷೆಯಲ್ಲಿ ಕೂಗಿದೆ. ಒಬ್ಬರೂ ನಂಬಲಿಲ್ಲ. ಬಂಗಾರ ಸಿಕ್ಕರೆ ಯಾರಾದರೂ ಹೊಡೆದುಕೊಂಡು ಹೋಗದಿರಲಿ ಎಂದು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡರು.

ಮಧ್ಯಾಹ್ನವಾಯಿತು. ಶಾಜಿ ಯಂತ್ರ ಶುರು ಮಾಡಿದ. ಅದರ ಬಕೆಟ್ ಗಾಳಿಯಲ್ಲಿ ಮೇಲೇರುವುದನ್ನು ಕಂಡು ನನಗೆ ಹೊಳೆಯಿತು. ವೃತ್ತದಲ್ಲಿ ಅಣಬೆ ಇರುವ ಕಡೆ ಹುಲ್ಲು ಕಡು ಹಸಿರಾಗಿರುತ್ತದೆ. ನೆಲಕ್ಕೆ ಮೂಗು ಉಜ್ಜಿಕೊಂಡವರಿಗೆ ಅದು ಹೇಗೆ ಕಂಡೀತು?

"ಶಾಜೀ, ನನ್ನ ಇದರಲ್ಲಿ ಎತ್ತುತ್ತೀಯಾ?"

"ಚೇಚಿಯನ್ನಾ?"

ಎತ್ತಿದ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಕೆಟ್ಟಿನೊಳಗೆ ಕೂತೆ. ಸಾರ್ ಕೂಡ ನನ್ನ ಪಕ್ಕಕ್ಕೆ ಹತ್ತಿ ಕೂತು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಕೆಳಗೆ ಜನ ಕೇಕೆ ಹಾಕಿದರು. ಕಾಟ್ಟಿಕುಳಂ ಅಂಗಡಿಗಳ ಹೆಂಚು, ಬಸ್ಸುಗಳ ನೆತ್ತಿ, ಆಚೆಯ ಕಾಡು, ಎಲ್ಲ ಕಂಡವು. ಮತ್ತೆ ಮೈದಾನದ ದೂರದ ಮೂಲೆಯಲ್ಲಿ, ಬಳೆ ಒತ್ತಿ ಗುರುತು ಮಾಡಿದಂತೆ ಕಡು ಹಸಿರಿನ ಒಂದು ದುಂಡು ಗೆರೆ.

"ರಿಂಗ್! ಸಾರ್, ಕಣ್ಣು ಬಿಡಿ, ರಿಂಗ್!"

"ಸಿಕ್ಕಿತಂತೆ!" ಎಂದು ಕೆಳಗಿನ ಜನವೆಲ್ಲ ಆ ಮೂಲೆಗೆ ಓಡಿದರು. ಮಾದೇವ ಮುಂದೆ ಓಡಿ ಕೈ ಚಾಚಿ ಅಡ್ಡ ನಿಂತ. ನಾವು ಇಳಿದು ಹೋಗುವಷ್ಟರಲ್ಲಿ ಸುತ್ತ ಜನ, ನಡುವೆ ಹುಲ್ಲು. ಹುಲ್ಲಿನಲ್ಲಿ ಏನೂ ಇಲ್ಲ. ಬಿಸಿಲಿಗೆ ಈ ಜಾತಿಯ ಅಣಬೆ ಮುದುಡಿ ದಾರದ ಚೂರಿನಂತಾಗುತ್ತದೆ. ಆದರೆ ಸಾಯುವುದಿಲ್ಲ. ನೀರು ಕಂಡರೆ ಮತ್ತೆ ಅರಳುತ್ತದೆ.

"ನೀರು!" ಎಂದೆ. ಧೂಳಿಗೆ ಚಿಮುಕಿಸಲೆಂದು ತಂದಿದ್ದ ಡ್ರಮ್ಮಿನಿಂದ ಶಾಜಿಯೇ ಕೊಡದಲ್ಲಿ ತಂದು ಗೆರೆಯುದ್ದಕ್ಕೂ ಮೆಲ್ಲಗೆ ಸುರಿದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಜನ ಗೊಣಗಿದರು. ಆಮೇಲೆ ಸಾರ್ ನನ್ನ ಕೈ ಹಿಡಿದರು. ಹುಲ್ಲಿನ ನಡುವೆ ನೇರಳೆ ಬಣ್ಣದ ಒಂದು ಚುಕ್ಕಿ ತೆರೆದುಕೊಂಡಿತು. ಪಕ್ಕದಲ್ಲಿ ಇನ್ನೊಂದು. ಗೆರೆ ಹಿಡಿದು ಒಂದರ ಹಿಂದೊಂದು, ಪುಟ್ಟ ಪುಟ್ಟ ಕೊಡೆಗಳು ಬಿಚ್ಚುತ್ತಾ ಹೋದವು. ಬಂಗಾರ ಹುಡುಕಲು ಬಂದಿದ್ದ ಅಜ್ಜಿ ಮಂಡಿಯೂರಿ ನೋಡುತ್ತಲೇ ಇತ್ತು.

"ಇದಕ್ಕಾ ಇಷ್ಟೊತ್ತು ಉರುಳಾಡಿದ್ದು?" ಎಂದು ನನ್ನನ್ನು ಕೇಳಿತು. ಉತ್ತರಕ್ಕೆ ಕಾಯದೆ ಶಾಜಿಯತ್ತ ತಿರುಗಿತು. "ಮೋನೇ, ಆ ಕಡೇದು ಇನ್ನೂ ಎದ್ದಿಲ್ಲ. ಅಲ್ಲೂ ಒಂದ್ ಕೊಡ ಹಾಕು."

ಬೇಕಾದಷ್ಟು ಮಾದರಿ ಸಿಕ್ಕಿತು. ಬೇರೆಯೇ ಜಾತಿ ಎಂಬುದು ಖಚಿತವಾಯಿತು. ಹೆಸರಿಡುವ ಕೆಲಸ ಈಗ ನಿಮ್ಮ ಮೇಜಿನ ಮೇಲಿದೆ ಹುಡುಗಿಯರೇ, ಬೇಗ ಮಾಡಿ. ಕಮಿಟಿಯವರು ತಲೆ ಕೆರೆದುಕೊಂಡು, ಅಷ್ಟು ಜನರ ಎದುರು ಬೇಡ ಎನ್ನಲಾಗದೆ, ಆ ಮೂಲೆಯನ್ನು ಬಿಟ್ಟು ಸುಣ್ಣದ ಗೆರೆಯನ್ನು ಒಳಕ್ಕೆ ಎಳೆದರು. ಕಾಟ್ಟಿಕುಳಂನಲ್ಲಿ ಕಾರ್ನರ್ ಕಿಕ್ ಹೊಡೆಯುವವರು ಇಂದಿಗೂ ಆ ಸೊಟ್ಟ ಮೂಲೆಯನ್ನು ಬೈಯುತ್ತಾರೆ. ಈ ವೃತ್ತಗಳು ವರ್ಷ ವರ್ಷ ಹೊರಕ್ಕೆ ಹಿಗ್ಗುತ್ತವೆ. ಈ ಮಳೆಗಾಲ ಮಾದೇವನೂ ನಾನೂ ಕೊಡೆ ಹಿಡಿದು ಪಂದ್ಯ ನೋಡಲು ಹೋಗಿದ್ದೆವು. ನೇರಳೆ ಸಾಲು ಸುಣ್ಣದ ಗೆರೆ ದಾಟಿ ಮೈದಾನದೊಳಕ್ಕೆ ಬಂದುಬಿಟ್ಟಿದೆ. ರೆಫರಿ ಇನ್ನೂ ನೋಡಿಲ್ಲ.